ರತ್ನಮ್ಮ ತಂದ ಬ್ರೆಡ್ಡು, ಮೂಸಂಬಿ

ಮೊನ್ನೆ ಬಾಗಿಲು ತೆರೆದರೆ, ನಮ್ಮ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದ ರತ್ನಮ್ಮ ಬುಕ್ಕಾಂಬುಧಿಯಿಂದ ಬಂದು ನಿಂತಿದ್ದರು. ಕೈಯಲ್ಲಿ ಬ್ರೆಡ್ಡು, ಮೂಸಂಬಿ. ಕಾಯಿಲೆಯವರನ್ನು ನೋಡಲು ಹೋಗುವಾಗ ಒಯ್ಯುವಂಥವು.

"ತುಂಬಾ ಸೊರಗಿ ಹೋಗಿದೀರಾ ಅಂತ ಬಸ್ಸಲ್ಲಿ ಯಾರೋ ಅಂದ್ರು ಟೀಚರ್. ಯಾವ ಡಾಕ್ಟ್ರಿಗೆ ತೋರಿಸ್ತಿದೀರಾ?"

ನನಗೆ ನಗು ಬಂತು. ನಿವೃತ್ತಿಯಾದ ಮೇಲೆ ಬಂದ ಬೊಜ್ಜು ಕರಗಿಸಲು ಅನ್ನ, ಮುದ್ದೆ ಬಿಟ್ಟಿದ್ದೇನೆ, ಮೂರು ತಿಂಗಳಲ್ಲಿ ಒಂಬತ್ತು ಕಿಲೋ ಇಳಿದಿದ್ದೇನೆ ಎಂದು ಹೆಮ್ಮೆಯಿಂದಲೇ ಹೇಳಿದೆ. ಅವರು ನಗಲಿಲ್ಲ.

"ನಮ್ಮಕ್ಕನೂ ಊಟ ಕಮ್ಮಿ ಮಾಡಿದ್ದಕ್ಕೇ ಇಳಿದೆ ಅಂತಿದ್ಲು. ಒಂದ್ಸಲ ರಕ್ತ ಪರೀಕ್ಷೆ ಮಾಡಿಸ್ಬಿಡಿ."

ನಿನ್ನೆ ಕಡೂರಿಗೆ ಹೋಗಿ ರಕ್ತ ಕೊಟ್ಟು ಬಂದೆ. ರಿಪೋರ್ಟ್ ಇನ್ನೂ ಬಂದಿಲ್ಲ. ಇಷ್ಟು ದಿನ ತೂಕ ಇಳಿದಿರಲಿ ಎಂದು ಬೇಡಿಕೊಂಡು ಯಂತ್ರ ಹತ್ತುತ್ತಿದ್ದ ನಾನು, ಇವತ್ತು ಇಳಿಯದಿರಲಿ ಎಂದು ಬೇಡಿಕೊಂಡು ಹತ್ತಿದೆ. ಅರ್ಧ ಕಿಲೋ ಇಳಿದಿದ್ದೆ.