ಲಕ್ಸರ್‌ನಿಂದ ಬಂದ ಹೆಸರು

ನಮ್ಮ ಕೆಸರೆಯ ಮಹದೇವು ಮಿಲಿಟರಿಯಲ್ಲಿ ಲಾರಿ ಓಡಿಸುತ್ತಿದ್ದ. ಮೊಂಡ ಅಂದರೆ ಮೊಂಡ. ೧೯೬೦ರಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ಜೊತೆ ಅವನನ್ನು ಗಾಜಾಕ್ಕೆ ಕಳಿಸಿದಾಗ ಹೆಂಡತಿ ಶಿವನಂಜಮ್ಮನಿಗೆ ಏಳು ತಿಂಗಳು. ಹೆಣ್ಣು ಮಗುವಾಯಿತು. ಇವನೋ ಅಲ್ಲಿಂದ ಕಾಗದ ಬರೆದ: ನಾನು ಬರುವ ತನಕ ಯಾರೂ ಹೆಸರಿಡಕೂಡದು, ಅದರ ಕಿವಿಯಲ್ಲಿ ನಾನೇ ಹೇಳಬೇಕು. ಆ ಮನೆಯ ಕಾಗದಗಳನ್ನು ಓದಿ, ಬರೆದು ಕೊಡುತ್ತಿದ್ದವನು ಪಕ್ಕದ ಮನೆಯ ಮೇಷ್ಟ್ರಾದ ನಾನೇ. ಇದೆಂಥ ಹಟವೋ ಎಂದು ಅವನ ತಾಯಿ ಕೆಂಚಮ್ಮ ಗೊಣಗಿದರು. ನಾನೂ ಬೈದು ಬರೆದೆ. ಕೇಳಲಿಲ್ಲ ಮಹಾರಾಯ. ಮಗು ಬರೀ ಪಾಪುವಾಗಿಯೇ ಬೆಳೆಯಿತು.

ಅದಕ್ಕೆ ಆರು ತಿಂಗಳಾದಾಗ ಅವನಿಗೆ ರಜೆ ಸಿಕ್ಕಿ, ಜೊತೆಯವರೊಂದಿಗೆ ಈಜಿಪ್ಟಿನ ಲಕ್ಸರ್ ಊರು ನೋಡಲು ಹೋದನಂತೆ. ದೋಣಿಯಲ್ಲಿ ನೈಲ್ ನದಿ ದಾಟಿದರೆ ಬೋಳು ಗುಡ್ಡದ ತುಂಬ ಹಳೇ ಕಾಲದ ಗೋರಿಗಳು. ಒಳಗಿಳಿದರೆ ಗೋಡೆಗೆಲ್ಲ ಬಣ್ಣದ ಚಿತ್ರ, ಸತ್ತವರ ಹೆಸರು. ಒಂದು ಗೋರಿಯಲ್ಲಿ ಮಾತ್ರ ಹೆಸರನ್ನು ಉಳಿಯಿಂದ ಕೆರೆದು ಹಾಕಿದ್ದರು. ಅದು ವೈರಿಗಳ ಕೆಲಸ, ಹೆಸರು ಅಳಿದರೆ ಸತ್ತವನಿಗೆ ಎಲ್ಲಿಯೂ ಜಾಗವಿಲ್ಲ ಅಂತ ಆ ಕಾಲದವರ ನಂಬಿಕೆ, ಎಂದು ತೋರಿಸಲು ಬಂದ ಮುದುಕ ಹೇಳಿದನಂತೆ. ಮಹದೇವುವಿಗೆ ಊರಲ್ಲಿ ಹೆಸರಿಲ್ಲದೆ ಮಲಗಿರುವ ಪಾಪುವಿನ ನೆನಪಾಯಿತಂತೆ. ಅಲ್ಲೇ ಮೆಟ್ಟಿಲ ಮೇಲೆ ಕೂತು ಬರೆದ: ಕಾಯಬೇಡಿ, ಚಾಮುಂಡೇಶ್ವರಿ ಅಂತ ಇಟ್ಟುಬಿಡಿ.

ಆ ಕಾಗದ ಬಂದದ್ದು, ಜ್ವರ ನೆತ್ತಿಗೇರಿ ಪಾಪು ತೀರಿಕೊಂಡ ಆರನೇ ದಿನ. ನಾನೇ ಓದಿದೆ. ನನ್ನ ಬಾಯಿ ಬಿದ್ದುಹೋಗಬಾರದಿತ್ತೇ! ಶಿವನಂಜಮ್ಮ ಅಳಲೂ ಇಲ್ಲ. ದೂರದಲ್ಲಿರುವವನಿಗೆ ತಿಳಿಸಬೇಡಿ ಎಂದು ಕೆಂಚಮ್ಮ ಕೈಮುಗಿದರು. ನಾಲ್ಕು ತಿಂಗಳು ಎಲ್ಲರೂ ಕ್ಷೇಮ ಎಂದು ಬರೆದ ಪಾಪಿ ನಾನು.

ಅವನು ಊರಿಗೆ ಬಂದು, ವಿಷಯ ತಿಳಿದು, ಮಧ್ಯಾಹ್ನದ ತನಕ ಜಗಲಿಯಲ್ಲೇ ಕೂತಿದ್ದ. ಆಮೇಲೆ ಹೆಂಡತಿಯನ್ನು ಒಂದೇ ಮಾತು ಕೇಳಿದ: ಮಗುವನ್ನು ಎತ್ತಿಕೊಂಡು ಹೋಗುವಾಗ ಏನಂತ ಕರೆದು ಅತ್ತೆ ನೀನು?

"ಏನಂತ ಕರೀಲಿ? ಹೆಸ್ರು ನಿಮ್ತಾವ್ಲೇ ಇತ್ತಲ್ಲ," ಎಂದಳು.

ಮಾರನೆಯ ದಿನ ಹೂತ ಜಾಗ ತೋರಿಸಲು ಅವನ ಸೋದರಮಾವ ಮರಿಸ್ವಾಮಿ ಕರೆದುಕೊಂಡು ಹೋದ. ನಾನೂ ಹೋಗಿದ್ದೆ. ಎಳೆಮಕ್ಕಳ ಗುಂಡಿಗೆ ನಮ್ಮ ಕಡೆ ಕಲ್ಲು ನೆಡುವುದಿಲ್ಲ. ಮಳೆಗೆ ನೆಲ ಸಮವಾಗಿತ್ತು. ಇಲ್ಲಿರಬೇಕು, ಇಲ್ಲಾಂದರೆ ಅಲ್ಲಿ, ಎಂದು ಮರಿಸ್ವಾಮಿ ತಡವರಿಸಿದ. ಮಹದೇವು ಎರಡೂ ಕಡೆ ಮಂಡಿಯೂರಿ, ಮಣ್ಣಿಗೆ ಬಾಯಿ ತಾಗಿಸಿ ಹೆಸರು ಹೇಳಿದ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಮೂರು ವರ್ಷಕ್ಕೆ ಮತ್ತೆ ಹೆಣ್ಣಾಯಿತು. ಆ ಹೆಸರನ್ನೇ ಇದಕ್ಕಿಡೋಣ, ಹೋದವಳೇ ಬಂದಿದ್ದಾಳೆ ಎಂದು ಕೆಂಚಮ್ಮ ಆಸೆಪಟ್ಟರು.

"ಬ್ಯಾರೆ ಯಾವ್ದಾರ ನೋಡವ್ವ," ಎಂದ ಮಹದೇವು. "ಅದ್ನ ಕೊಟ್ಬುಟ್ಟಿವ್ನಿ."