ಫರಸಿಯ ಮೇಲೆ ಗಾಲಿ ಬೂಟು

ಸ್ಕೇಟಿಂಗಿನ ಗಾಲಿ ಬೂಟು ಹಾಕಿಕೊಂಡವರನ್ನು ಕಂಡರೆ ನನಗೆ ಭಕ್ತಿಯೇ ಬರುತ್ತದೆ. ಗಾಲಿಯಿಲ್ಲದ ಚಪ್ಪಲಿಯಲ್ಲೇ ವಾಡಿ ಸ್ಟೇಷನ್ನಿನ ಮೆಟ್ಟಿಲ ಮೇಲೆ ಮುಗ್ಗರಿಸಿ, ಪರಿಚಿತರು ಯಾರಾದರೂ ನೋಡಿದರೇ ಎಂದು ಸುತ್ತ ಕಣ್ಣಾಡಿಸಿದ ಕನ್ನಡ ಮಾಸ್ತರ ನಾನು. ಬೀಳುವುದಕ್ಕೆ ನಮ್ಮ ಭಾಷೆಯಲ್ಲಿ ಎಷ್ಟೊಂದು ಬಗೆ ನೋಡಿ: ಎಡವುವುದು, ಜಾರುವುದು, ಉರುಳುವುದು, ಕುಸಿಯುವುದು. ಕುರ್ಚಿ ಬಿಟ್ಟೇಳದೆ ಇವನ್ನು ಪಾಠ ಮಾಡುವ ನನಗೆ, ಎಲ್ಲವನ್ನೂ ಮೈಮೇಲೆ ಹಾಕಿಕೊಂಡು ಕಲಿತ ಪ್ರಮೀಳಾ ಟೀಚರ್ ದೊಡ್ಡವರಾಗಿ ಕಾಣುವುದು ಸಹಜ.

ಪ್ರಮೀಳಾ ನಮ್ಮ ಶಹಾಬಾದದ ಹುಡುಗಿಯರ ಶಾಲೆಯ ಆಟದ ಟೀಚರ್. ವಯಸ್ಸು ನಲವತ್ತು ದಾಟಿದೆ. ಯಾರೋ ದಾನಿಗಳು ಶಾಲೆಗೆ ಗಾಲಿ ಬೂಟು ಕೊಟ್ಟರು, ಕಲಿಸುವವರನ್ನು ಕೊಡಲಿಲ್ಲ. ಹುಡುಗಿಯರ ಸಪ್ಪೆ ಮುಖ ನೋಡಲಾರದೆ ಟೀಚರ್ ತಾವೇ ಮೊಬೈಲಿನಲ್ಲಿ ವಿಡಿಯೋ ನೋಡಿ, ಮೈಕೈ ನೋಯಿಸಿಕೊಂಡು ಕಲಿತು, ಅವರಿಗೂ ಕಲಿಸತೊಡಗಿದರು. ಅಂಗಳಕ್ಕೆ ಹಾಸಿದ ಒರಟು ಫರಸಿ ಕಲ್ಲಿನ ಮೇಲೆ ಬಿದ್ದು ಮಕ್ಕಳ ಕೈಕಾಲು ತರಚುತ್ತಿದ್ದವು.

ಆಗ ನಮ್ಮ ಕಲ್ಲುಗಣಿಯ ಊರಿನ ಬುದ್ಧಿ ಕೆಲಸ ಮಾಡಿತು. ಯಾವ ತೊಂದರೆಗೂ ಶಹಾಬಾದಿನವರಿಗೆ ತೋಚುವ ಮದ್ದು ಒಂದೇ, ಪಾಲಿಶ್. ಹುಡುಗಿಯರಲ್ಲೊಬ್ಬಳಾದ ಆಯೇಷಾಳ ತಂದೆ ಗಫೂರ್ ಸಾಬರದು ಕಲ್ಲು ಪಾಲಿಶ್ ಮಾಡುವ ಕಸುಬು. ಅವರು ಪ್ರೀತಿಯಿಂದ ಇಡೀ ಅಂಗಳವನ್ನು ಮುಖ ಕಾಣುವ ಹಾಗೆ ಉಜ್ಜಿಸಿಕೊಟ್ಟರು. ಅಭಿನಂದನಾ ಭಾಷಣ ನನ್ನದು. ಮರುದಿನ ಆ ನುಣುಪಿನಲ್ಲಿ ಗಾಲಿಗೆ ಹಿಡಿತವೇ ಸಿಗದೆ ಟೀಚರ್ ಅಂಗೈ ಊರಿ ಬಿದ್ದು ಮಣಿಕಟ್ಟು ಮುರಿದುಕೊಂಡರು.

ಹೆಡ್‌ಮಾಸ್ತರರು ಬೂಟುಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರು. ನೋಡಲು ಹೋದವರೆಲ್ಲ ಈ ವಯಸ್ಸಿನಲ್ಲಿ ಇದು ಬೇಕಿತ್ತೇ ಎಂದು ಟೀಚರನ್ನು ಕೇಳಿದರು. ಪಾಲಿಶನ್ನು ಹೊಗಳಿ ಭಾಷಣ ಮಾಡಿದ್ದ ನಾನು, ಒಯ್ದಿದ್ದ ಮೋಸಂಬಿ ಸುಲಿಯುತ್ತ ಕೂತೆ. ಟೀಚರಿಗೋ ಕೈನೋವಿಗಿಂತ ಆ ಬೀಗದ ಸಂಕಟವೇ ದೊಡ್ಡದು. ಪ್ಲಾಸ್ಟರ್ ಬಿಚ್ಚಿ ಕೈಗೆ ಬಲ ಬಂದ ಮೇಲೆ ಹೆಡ್‌ಮಾಸ್ತರರ ಬೆನ್ನು ಹತ್ತಿ ಒಂದು ದಿನದ ಅನುಮತಿ ಪಡೆದರು. ಷರತ್ತು ಇಷ್ಟೇ: ತಂದೆತಾಯಿಯರು ಬಂದು ನೋಡಬೇಕು. ಅವರು ಬೇಡವೆಂದರೆ ಬೂಟು ಮತ್ತೆ ಹೊರಗೆ ಬರುವುದಿಲ್ಲ. ಗಫೂರ್ ಸಾಬರು ಪಾಪ, ಕಲ್ಲುಗಳನ್ನೆಲ್ಲ ಎಬ್ಬಿಸಿ, ಉಜ್ಜದ ಬದಿ ಮೇಲೆ ಮಾಡಿ ಕೂರಿಸಿಕೊಟ್ಟರು. ಮಗಳನ್ನು ಮಾತ್ರ ಆಡಲು ಬಿಡುವುದಿಲ್ಲ ಎಂದರು.

ಆ ದಿನ ಎಲ್ಲರೆದುರು ಕೇಳಿದವರೂ ಅವರೇ. “ಇನ್ನ ಮ್ಯಾಲ ಮಕ್ಕಳು ಬೀಳಂಗಿಲ್ಲಂತ ಮಾತು ಕೊಡ್ತೀರೇನ್ರಿ ಮೇಡಂ?”

ಹೂಂ ಎಂದುಬಿಡಲಿ ಎಂದು ನಾನು ಒಳಗೊಳಗೇ ಬೇಡಿಕೊಂಡೆ.

“ಬೀಳ್ತಾರ್ರಿ,” ಎಂದರು ಟೀಚರ್. “ನಾನೂ ಬೀಳ್ತೀನಿ. ಹ್ಯಾಂಗ ಬೀಳಬೇಕು ಅನ್ನೋದು ಇವತ್ತ ಕಲಿಸಾಕತ್ತೀನಿ, ನೋಡ್ರಿ.”

ಬೂಟು ಕಟ್ಟಿಕೊಂಡು ರಭಸದಿಂದ ಬಂದವರು ಅಂಗಳದ ನಡುವೆ ಮಂಡಿ ಬಗ್ಗಿಸಿ, ಅಂಗೈ ನೆಲಕ್ಕೆ ತಾಗಿಸದೆ, ಮೊಣಕಾಲಿನ ಪ್ಯಾಡಿನ ಮೇಲೆ ಬೇಕೆಂದೇ ಬಿದ್ದರು. ಎದ್ದರು. ಮತ್ತೆ ಬಿದ್ದರು. ಒಮ್ಮೆ ಮುರಿದ ಕೈ ಇಟ್ಟುಕೊಂಡು ಹೀಗೆ ಬೀಳಲು ಎಂಥ ಎದೆ ಬೇಕು ಎನಿಸಿ ನನ್ನ ಕಣ್ಣು ತುಂಬಿತು.

ಗಫೂರ್ ಸಾಬರು ಬಹಳ ಹೊತ್ತು ನೋಡಿದರು. ಆಮೇಲೆ ಆಯೇಷಾಳ ಮುಂದೆ ಕುಕ್ಕರುಗಾಲಲ್ಲಿ ಕೂತು, ಅವಳ ಮೊಣಕಾಲಿಗೆ ತಾವೇ ಪ್ಯಾಡು ಕಟ್ಟಿ ಪಟ್ಟಿ ಬಿಗಿದರು. ಬೆನ್ನು ತಟ್ಟಿ, ಹೆತ್ತವರಾರ ಬಾಯಿಗೂ ಬಾರದ ಮಾತೊಂದನ್ನು ಮೆಲ್ಲಗೆ ಹೇಳಿದರು.

“ಹೋಗು ಬೇಟಿ. ಬೀಳು.”