ವಿರೋಧವಾಗಿ ಮಾತಾಡಿದ ದಿನ

ಕಂಪ್ಲಿಯಲ್ಲಿರುವ ನನ್ನ ಸೋದರಮಾವನ ಅಕ್ಕಿ ಗಿರಣಿಯ ಅಂಗಳದಲ್ಲಿ ಕಳೆದ ವಾರ ಭತ್ತದ ರಾಶಿಗೆ ತಾಡಪಾಲು ಹೊದಿಸಿದ್ದರು. ಅದರಲ್ಲಿ ಒಂದು ತುಂಡು ಮಾತ್ರ ಬೇರೆ ಥರ ಇತ್ತು. ಮಾಸಿದ ಬಿಳಿ ಬಣ್ಣ, ಮೂರೇ ಮೂಲೆ, ಮೂಲೆಗೊಂದು ಹಿತ್ತಾಳೆಯ ಉಂಗುರ. ಮುಟ್ಟಿದರೆ ಹೊಸ ನೋಟಿನ ಹಾಗೆ ಗರಗರ ಎಂದಿತು. ಧೂಳು ಕೊಡವಿದಾಗ ಕೆಂಪು ದಾರದಲ್ಲಿ ಹೊಲಿದ ಏಳನೇ ನಂಬರು ಕಂಡಿತು. ಗುಜರಿಯಲ್ಲಿ ಸಿಕ್ಕಿದ್ದು ಎಂದರು ಮಾವ. ಅದು ದೋಣಿಯ ಹಾಯಿ ಎಂದು ನಾನು ಅವರಿಗೆ ಹೇಳಲಿಲ್ಲ. ಆ ದೋಣಿಯಲ್ಲಿ ನಾನು ಕೂತಿದ್ದೆ.

ನಾನಾಗ ಪಾಪಿನಾಯಕನಹಳ್ಳಿಯಲ್ಲಿ ಒಂಬತ್ತನೇ ತರಗತಿ. ಹೊಸಪೇಟೆ ಡ್ಯಾಮಿನ ಹಿನ್ನೀರಿನಲ್ಲಿ ಸರ್ಕಾರದ ದುಡ್ಡಿನಿಂದ ಹಾಯಿದೋಣಿ ತರಬೇತಿ ನಡೆಯುತ್ತಿತ್ತು. ಡ್ಯಾಮ್ ತುಂಬಿದ ಮೇಲೆ ಡಿಸೆಂಬರಿನವರೆಗೆ ಪ್ರತಿ ಭಾನುವಾರ. ಬಸ್ ಚಾರ್ಜು, ಲೈಫ್ ಜಾಕೆಟ್ಟು, ಮಧ್ಯಾಹ್ನದ ಊಟ ಎಲ್ಲ ಅವರದೇ. ಶಾಲೆಯಿಂದ ಇಬ್ಬರ ಹೆಸರು ಕಳಿಸಬೇಕಿತ್ತು, ಹೆಡ್‌ಮಿಸ್ ನನ್ನ ಹೆಸರು ಬರೆದರು. ಅಷ್ಟೇ. ಆಸೆಪಟ್ಟು ಹೋದವಳಲ್ಲ ನಾನು.

ಕಲಿಸುತ್ತಿದ್ದವರನ್ನು ನಾವು ಬೋಟಿನ ಸರ್ರು ಎನ್ನುತ್ತಿದ್ದೆವು. ಹಡಗಿನಲ್ಲಿ ಕೆಲಸ ಮಾಡಿ ಊರಿಗೆ ಮರಳಿದ್ದವರು, ಇಲಾಖೆಯ ದಿನಗೂಲಿ ಮೇಲೆ ಇದ್ದವರು. ಎತ್ತರವಿದ್ದರೆಂದು ನೆನಪು... ಹದಿನಾಲ್ಕರ ಹುಡುಗಿಗೆ ಎಲ್ಲರೂ ಎತ್ತರವೇ ಕಂಡಿರಬಹುದು. ಮೊದಲ ದಿನ ಅವರು ನಮ್ಮನ್ನು ನೀರಿಗಿಳಿಸಲಿಲ್ಲ. ಕೈಗೆ ಮೊರ ಕೊಟ್ಟು ದಂಡೆಯ ಮೇಲೆ ಹೊಟ್ಟು ತೂರಿಸಿದರು. ತೂರುವಾಗ ಗಾಳಿಗೆ ಬೆನ್ನು ಕೊಡುವುದು ನಮಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ದೋಣಿಯಲ್ಲೂ ಹಾಗೇ ಕೂರಬೇಕು, ಗಾಳಿ ಬೆನ್ನಿಗಿರಲಿ, ಕಣ್ಣು ಹಾಯಿಯ ಮೇಲಿರಲಿ ಎಂದರು. ಹಾಯಿಯ ಕೆಳಗಿನ ಅಡ್ಡಬೊಂಬು ತಿರುಗಿ ಬರುವಾಗ ಬಗ್ಗದವರಿಗೆ ಮಾತ್ರ ಬೈಗುಳ ಕಾದಿರುತ್ತಿತ್ತು. "ತಲಿ ಒಂದ ಐತಿ, ಅದನ್ನ ಪರೀಕ್ಷೆಗೆ ಇಟಗೊಳ್ರಲೇ."

ಒಂದು ದಿನ ಏಳನೇ ನಂಬರಿನ ದೋಣಿಯಲ್ಲಿ ನನ್ನೊಬ್ಬಳನ್ನೇ ಬಿಟ್ಟರು. ನಮ್ಮದು ಹನ್ನೆರಡು ಜನರ ಮನೆ. ಯಾರಾದರೊಬ್ಬರು ಕೂಗದ ಗಳಿಗೆಯನ್ನೇ ನಾನು ಕಂಡವಳಲ್ಲ. ನಡುನೀರಿನಲ್ಲಿ ಹಗ್ಗ ನನ್ನ ಕೈಯಲ್ಲಿತ್ತು, ದಂಡೆಯ ಜನ ಬೆರಳುದ್ದ ಕಾಣುತ್ತಿದ್ದರು, ಯಾರ ಕೂಗೂ ಅಲ್ಲಿಗೆ ಮುಟ್ಟುತ್ತಿರಲಿಲ್ಲ. ಸಡಿಲ ಬಿಡಬೇಕೋ ಎಳೆಯಬೇಕೋ ನಾನೇ ನಿರ್ಧರಿಸಬೇಕಿತ್ತು. ಆಮೇಲೆ ಓದಿದ ಎಷ್ಟೋ ಪುಸ್ತಕಗಳು ನನಗೆ ಅಷ್ಟನ್ನು ಕಲಿಸಲಿಲ್ಲ.

ನಮ್ಮಲ್ಲಿ ನಿಜವಾಗಿ ದೋಣಿ ಬಲ್ಲವಳು ಬಂಡ್ರಿಯ ಹುಡುಗಿ. ಅಪ್ಪ ಗಣಿಯಲ್ಲಿ ಕೂಲಿ. ಅವಳು ಬಿಚ್ಚಿಟ್ಟ ಚಪ್ಪಲಿಯ ಸುತ್ತ ಕೆಂಪು ಮಣ್ಣು ಉದುರಿರುತ್ತಿತ್ತು. ಮಾತು ಬಲು ಕಡಿಮೆ. ಮುಂದಿನ ವರ್ಷ ಅವಳನ್ನು ರಾಜ್ಯ ಮಟ್ಟದ ಸ್ಪರ್ಧೆಗೆ ಕರೆದೊಯ್ಯುವುದಾಗಿ ಸರ್ರು ಅವಳ ಅಪ್ಪನನ್ನು ಒಪ್ಪಿಸಿ ಬಂದಿದ್ದರು. ಆದರೆ ಮುಂದಿನ ವರ್ಷ ಶಿಬಿರ ನಡೆದರೆ ತಾನೆ? ಅನುದಾನ ಮುಂದುವರಿಸಬೇಕೋ ಬೇಡವೋ ಎಂದು ನೋಡಲು ಡಿಸೆಂಬರಿನಲ್ಲಿ ಒಬ್ಬ ಸಾಹೇಬರು ಬಂದರು.

ಇದರಿಂದ ನಿಮಗೇನು ಉಪಯೋಗ, ಒಬ್ಬೊಬ್ಬರಾಗಿ ಹೇಳಿ ಎಂದರು ಅವರು. ಹೀಗೆ ಹೇಳಿ ಎಂದು ಸರ್ರು ನಮಗೇನೂ ಕಲಿಸಿರಲಿಲ್ಲ. ಬಂಡ್ರಿಯ ಹುಡುಗಿ ಮೊದಲು ಎದ್ದಳು. ಒಂದೇ ಮಾತು ಅಂದಳು, "ಇಲ್ಲಿ ನನಗ ಯಾರೂ 'ಆಚಿ ಸರಿ' ಅನ್ನಂಗಿಲ್ರಿ."

ಕೂತುಬಿಟ್ಟಳು. ಮುಂದಿನ ಸರದಿ ನನ್ನದು.

ನಾನು ತಾಲ್ಲೂಕಿನ ಚರ್ಚಾಸ್ಪರ್ಧೆಗಳಲ್ಲಿ ಗೆಲ್ಲುತ್ತಿದ್ದವಳು. ಅಲ್ಲಿಯ ಕ್ರಮ ನಿಮಗೂ ಗೊತ್ತಿರಬಹುದು, ಒಬ್ಬರು ಪರವಾಗಿ ಮಾತಾಡಿದರೆ ಮುಂದಿನವರು ವಿರೋಧವಾಗಿ. ಅವಳು ಪರ ಹೇಳಿಯಾಗಿತ್ತು. ನನ್ನ ಬಾಯಿ ತಾನಾಗಿ ವಿರೋಧಕ್ಕೆ ತೆರೆಯಿತು. ಸಮುದ್ರವಿಲ್ಲದ ಊರಿಗೆ ಹಾಯಿ ಏಕೆ? ಇಂಜಿನ್ನು ಬಂದಿರುವ ಕಾಲದಲ್ಲಿ ಗಾಳಿಯನ್ನು ನಂಬುವುದೇಕೆ? ಶೌಚಾಲಯವಿಲ್ಲದ ಶಾಲೆಗಳಿರುವಾಗ ಸರ್ಕಾರ ದೋಣಿಗೆ ದುಡ್ಡು ಸುರಿಯುವುದು ನ್ಯಾಯವೇ? ಕೈ ಎತ್ತಿ, ಕೈ ಇಳಿಸಿ ಮಾತಾಡಿದೆ. ಸಾಹೇಬರು ನಗುತ್ತಾ ಬರೆದುಕೊಂಡರು. ಚಪ್ಪಾಳೆ ಬಿತ್ತು. ಸರ್ರೂ ತಟ್ಟಿದರು. ಆಮೇಲೆ ಹತ್ತಿರ ಬಂದು, "ಭಾಳ ಚಂದ ಮಾತಾಡಿದಿ ಬಿಡವಾ" ಎಂದರು. ಅವರ ಮುಖ ಹೇಗಿತ್ತು? ಎಷ್ಟು ಸಲ ಹುಡುಕಿದರೂ ಅಲ್ಲಿ ಮುಖವೇ ಇಲ್ಲ, ದನಿ ಮಾತ್ರ... ಆ ದಿನದ ನನ್ನ ದಿನಚರಿಯಲ್ಲಿರುವುದು ಒಂದೇ ಸಾಲು: 'ಸಾಹೇಬರು ಬಂದಿದ್ದರು, ಚೆನ್ನಾಗಿ ಮಾತಾಡಿದೆ, ಪಲಾವ್ ಇತ್ತು.'

ಮುಂದಿನ ವರ್ಷ ಶಿಬಿರ ನಡೆಯಲಿಲ್ಲ. ಒಬ್ಬ ಹುಡುಗಿಯ ಮಾತಿಗೆ ಸರ್ಕಾರ ಅನುದಾನ ನಿಲ್ಲಿಸುತ್ತದೆಯೇ? ಮೊದಲೇ ತೀರ್ಮಾನವಾಗಿದ್ದಿರಬೇಕು. ಹೀಗೆಂದು ನನಗೆ ನಾನೇ ಎಷ್ಟೋ ವರ್ಷ ಹೇಳಿಕೊಂಡಿದ್ದೇನೆ. ಆದರೆ ಸಾಹೇಬರು ಬರೆದುಕೊಂಡದ್ದನ್ನು ನಾನು ಕಣ್ಣಾರೆ ಕಂಡಿದ್ದೆನಲ್ಲ.

ಎಂ.ಎ. ಮುಗಿಸಿದ ವರ್ಷ ಹಂಪಿಯಲ್ಲಿ ಸರ್ರು ಸಿಕ್ಕರು. ಹೊಳೆಯ ದಂಡೆಯಲ್ಲಿ, ಹರಗೋಲು ಹತ್ತುವ ಪ್ರವಾಸಿಗರಿಗೆ ಲೈಫ್ ಜಾಕೆಟ್ಟಿನ ಪಟ್ಟಿ ಬಿಗಿಯುತ್ತಿದ್ದರು. ಗುರುತು ಹೇಳಿಕೊಂಡೆ. ಕ್ಷಮೆ ಕೇಳಬೇಕೆಂದಿದ್ದವಳು, ಸಾಹೇಬರು ಬಂದ ದಿನ ನೆನಪಿದೆಯಾ ಸರ್ ಎಂದಷ್ಟೇ ಕೇಳಿದೆ.

"ನೀ ಏನ್ ಮಾತಾಡಿದಿ ನನಗ ನೆನಪಿಲ್ಲವಾ," ಎಂದರು. "ನಿನಗಿಂತ ಮೊದಲ ಆ ಬಂಡ್ರಿ ಹುಡುಗಿ ಒಂದ ಮಾತಂದ್ಲು ನೋಡು, ಅದಷ್ಟ ನೆನಪೈತಿ."

ಇನ್ನೊಬ್ಬರ ಪಟ್ಟಿ ಬಿಗಿದು ಕಳಿಸಿದ ಮೇಲೆ ಮತ್ತೆ ಹೇಳಿದರು. ಮುಂದಿನ ವರ್ಷ ಡ್ಯಾಮ್ ತುಂಬಿದಾಗ ಅವಳು ಬಂದಿದ್ದಳಂತೆ. ಶಿಬಿರ ಇಲ್ಲವೆಂದು ಬಂಡ್ರಿಗೆ ಯಾರೂ ಸುದ್ದಿ ಮುಟ್ಟಿಸಿರಲಿಲ್ಲ. ದೋಣಿಗಳ ಶೆಡ್ಡಿಗೆ ಬೀಗ, ಕಾವಲಿಗೆ ಸರ್ರು ಒಬ್ಬರೇ. "ಇಲ್ಲವಾ, ಇನ್ನ ಬರಬ್ಯಾಡ ಅಂದ್ರೂ ನಾಕು ಐತಾರ ಬಂದ್ಲು. ಸಂಜಿ ತನಕ ಕುಂತಿರ್ತಿದ್ಲು. ನಾನ ಬಸ್ ಹತ್ತಿಸಿ ಕಳಿಸ್ತಿದ್ದೆ."

ಅವರಿಗೆ ನೆನಪಿಲ್ಲ ಎಂಬ ಮಾತನ್ನು ಹಿಡಿದುಕೊಂಡು ಹಗುರಾಗಿ ಮನೆಗೆ ಬಂದೆ. ಅದು ನಿಜವಿರಲಾರದೆಂದು ಹೊಳೆಯಲು ಎಷ್ಟೋ ದಿನ ಬೇಕಾಯಿತು. ಅವಳು ನನಗಿಂತ ಮೊದಲು ಮಾತಾಡಿದಳೆಂದು ನೆನಪಿದ್ದವರಿಗೆ, ಅವಳ ನಂತರ ಯಾರು ಎದ್ದರು, ಏನು ಹೇಳಿದರು ಎಂಬುದು ಮರೆತಿದ್ದೀತೇ?

ಹೋದ ಆಷಾಢದಲ್ಲಿ ಸರ್ರು ತೀರಿಕೊಂಡರು. ಗೊತ್ತಾಗುವಷ್ಟರಲ್ಲಿ ತಿಂಗಳಾಗಿತ್ತು. ಆ ದಿನ ನಾನು ಹೇಳಿದ್ದು ನನ್ನ ಮನಸ್ಸಿನ ಮಾತಲ್ಲ ಎಂದು ಈಗ ಹೇಳಬಹುದಾದದ್ದು ಒಬ್ಬಳಿಗೇ. ಇಲ್ಲಿಂದ ಬಂಡ್ರಿಗೆ ನೇರ ಬಸ್ಸಿದೆ. ನಾನಿನ್ನೂ ಹೋಗಿಲ್ಲ.